ಬೆಟ್ಟದ ಟ್ಯಾಂಕಿಯಿಂದ ಜಗುಲಿಗೆ: 46 ಡೆಸಿಬೆಲ್ ಎಲ್ಲಿ ಹೋಯಿತು?

ನಮ್ಮ ಮನೆಗೆ ನೀರು ಬರುವುದು ಬೆಟ್ಟದಿಂದ. ಶಿರಸಿ ಕಡೆಯ ತೋಟದ ಮನೆಗಳಲ್ಲಿ ಇದು ಹೊಸದೇನಲ್ಲ. ಮೇಲೆ ಒಂದು ಒರತೆ, ಅದರ ಕೆಳಗೆ ಸಿಮೆಂಟ್ ಟ್ಯಾಂಕಿ, ಅಲ್ಲಿಂದ ಮನೆಯವರೆಗೆ ಕಪ್ಪು ಪೈಪು. ಕರೆಂಟು ಬೇಡ, ಪಂಪು ಬೇಡ. ಆದರೆ ಒರತೆಯ ಪೈಪಿನ ಬಾಯಿಗೆ ಎಲೆ ಕಟ್ಟಿಕೊಂಡರೆ ಟ್ಯಾಂಕಿ ಖಾಲಿಯಾಗುತ್ತದೆ. ಅದು ಗೊತ್ತಾಗುವುದು ಬೆಳಿಗ್ಗೆ ಬಚ್ಚಲಲ್ಲಿ ನಲ್ಲಿ ತಿರುಗಿಸಿದಾಗ. ಆಮೇಲೆ ಅಪ್ಪ ಕಾಲಿಗೆ ಸುಣ್ಣ, ಹೊಗೆಸೊಪ್ಪು ಸವರಿಕೊಂಡು, ಉಂಬಳಗಳ ನಡುವೆ ಬೆಟ್ಟ ಹತ್ತಬೇಕು. ಅಪ್ಪನಿಗೆ ಈಗ 68. ಎಷ್ಟೋ ಸಲ ಹತ್ತಿ ನೋಡಿದರೆ ಟ್ಯಾಂಕಿ ತುಂಬಿರುತ್ತದೆ, ತೊಂದರೆ ಕೆಳಗಿನ ಪೈಪಿನಲ್ಲಿರುತ್ತದೆ. ಟ್ಯಾಂಕಿಯಲ್ಲಿ ನೀರು ಎಷ್ಟಿದೆ ಎಂದು ಜಗುಲಿಯಲ್ಲಿ ಕೂತೇ ಗೊತ್ತಾಗುವಂತೆ ಮಾಡಬೇಕು ಅಂತ ಹೋದ ಫೆಬ್ರವರಿಯಲ್ಲಿ ಕೆಲಸ ಶುರು ಮಾಡಿದೆ.

ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಅದಕ್ಕೆ ಲೋರಾ ರೇಡಿಯೋ, ಅಂದರೆ ಕಡಿಮೆ ಪವರಿನಲ್ಲಿ ಪುಟ್ಟ ಸಂದೇಶವನ್ನು ದೂರ ಮುಟ್ಟಿಸುವ ರೇಡಿಯೋ. ಎರಡು ಕಡೆಯೂ ಇಎಸ್‌ಪಿ32 ಎಂಬ ಪುಟ್ಟ ಕಂಪ್ಯೂಟರ್ ಬೋರ್ಡು, ಅದಕ್ಕೆ ಒಂದೊಂದು ಆರ್‌ಎಫ್‌ಎಂ95 ರೇಡಿಯೋ ಮಾಡ್ಯೂಲ್. ಅದರೊಳಗಿರುವುದು ಎಸ್‌ಎಕ್ಸ್1276 ಚಿಪ್. ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯಲ್ಲಿ 1 ವ್ಯಾಟ್ ಒಳಗಿನ ಇಂಥ ಸಾಧನಕ್ಕೆ ಲೈಸೆನ್ಸ್ ಬೇಡ. ನಾನು ಇಟ್ಟಿದ್ದು 866 ಮೆಗಾಹರ್ಟ್ಸ್, 125 ಕಿಲೋಹರ್ಟ್ಸ್ ಅಗಲ, 17 ಡಿಬಿಎಂ ಪವರ್. ಅಂದರೆ 50 ಮಿಲಿವ್ಯಾಟ್, ಅಷ್ಟೇ. ನೀರಿನ ಮಟ್ಟ ಅಳೆಯಲು ನೀರು ತಾಗದ ಅಲ್ಟ್ರಾಸಾನಿಕ್ ಸೆನ್ಸರ್. ಆ ಭಾಗ ಮೊದಲ ದಿನವೇ ಸರಿಯಾಯಿತು. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ. ನನ್ನ ನಾಲ್ಕು ತಿಂಗಳು ತಿಂದದ್ದು ಸಿಗ್ನಲ್.

ಮೊದಲು ಕಾಗದದ ಮೇಲೆ

ಗುಡ್ಡ ಹತ್ತುವ ಮೊದಲೇ ಲೆಕ್ಕ ಹಾಕಿಕೊಂಡಿದ್ದೆ. ಇದೊಂದು ಒಳ್ಳೆಯ ಕೆಲಸ ಮಾಡಿದ್ದು. ಎಷ್ಟು ಬರಬೇಕು ಎಂದು ಗೊತ್ತಿಲ್ಲದಿದ್ದರೆ, ಬಂದದ್ದು ಜಾಸ್ತಿಯೋ ಕಡಿಮೆಯೋ ಹೇಗೆ ಹೇಳುವುದು?

ಬಯಲಲ್ಲಿ ರೇಡಿಯೋ ಅಲೆ ಎಷ್ಟು ಸೊರಗುತ್ತದೆ ಎಂಬುದಕ್ಕೆ 1946ರಲ್ಲಿ ಬೆಲ್ ಲ್ಯಾಬ್ಸ್‌ನ ಹರಾಲ್ಡ್ ಫ್ರೀಸ್ ಸರಳವಾದ ಸೂತ್ರ ಕೊಟ್ಟರು. ಅದನ್ನು ಡೆಸಿಬೆಲ್‌ಗೆ, ಅಂದರೆ ಡಿಬಿಗೆ, ಇಳಿಸಿದರೆ ಹೀಗೆ:

ನಷ್ಟ = 32.44 + 20 ಲಾಗ್ (ಕಿಲೋಮೀಟರ್) + 20 ಲಾಗ್ (ಮೆಗಾಹರ್ಟ್ಸ್)

ಮ್ಯಾಪಿನಲ್ಲಿ ಟ್ಯಾಂಕಿಗೂ ಮನೆಗೂ 1.2 ಕಿಲೋಮೀಟರ್. ಹಾಕಿದರೆ 32.44 + 1.58 + 58.75. ಒಟ್ಟು 92.8 ಡಿಬಿ. ಇನ್ನು ಕೂಡಿ ಕಳೆಯುವುದು ಮಾತ್ರ. ಹೊರಡುವುದು 17. ಎರಡೂ ಆಂಟೆನಾಗಳಿಂದ 2 ಮತ್ತು 2 ಸೇರುತ್ತದೆ. ಕನೆಕ್ಟರುಗಳಿಗೆ 1 ಹೋಗುತ್ತದೆ. 20 ಉಳಿಯಿತು. ಅದರಲ್ಲಿ 92.8 ಕಳೆದರೆ ಮೈನಸ್ 73 ಡಿಬಿಎಂ.

ಈ ಮೈನಸ್ ಅಂಕಿ ನೋಡಿ ಗಾಬರಿಯಾಗುವುದು ಬೇಡ. 0 ಡಿಬಿಎಂ ಅಂದರೆ 1 ಮಿಲಿವ್ಯಾಟ್. ಪ್ರತಿ 10 ಇಳಿದಾಗ ಹತ್ತನೇ ಒಂದು ಭಾಗ. ಪ್ರತಿ 3 ಇಳಿದಾಗ ಅರ್ಧ. ಮೈನಸ್ 90 ಅಂದರೆ ಒಂದು ಪಿಕೋವ್ಯಾಟ್, ಒಂದು ವ್ಯಾಟ್‌ನ ಲಕ್ಷ ಕೋಟಿಯ ಒಂದು ಪಾಲು. ಅಷ್ಟು ಸಣ್ಣದನ್ನೂ ಈ ಚಿಪ್ ಆರಾಮಾಗಿ ಕೇಳಿಸಿಕೊಳ್ಳುತ್ತದೆ.

ಎಷ್ಟರವರೆಗೆ ಕೇಳುತ್ತದೆ? ಅದಕ್ಕೂ ಲೆಕ್ಕವಿದೆ. ಸಾಮಾನ್ಯ ಉಷ್ಣತೆಯಲ್ಲಿ ಪ್ರತಿ ಹರ್ಟ್ಸ್‌ಗೆ ಮೈನಸ್ 174 ಡಿಬಿಎಂ ಗದ್ದಲ ಇದ್ದೇ ಇರುತ್ತದೆ. 125 ಕಿಲೋಹರ್ಟ್ಸ್ ಅಗಲಕ್ಕೆ 51 ಕೂಡಿಸಿ. ರಿಸೀವರಿನ ಸ್ವಂತ ಗದ್ದಲಕ್ಕೆ 6 ಹಿಡಿಯಿರಿ. ಮೈನಸ್ 117 ಆಯಿತು. ಲೋರಾದ ಸೊಗಸು ಏನೆಂದರೆ, ಅದು ಗದ್ದಲದ ಕೆಳಗೆ ಮುಳುಗಿದ ಸಿಗ್ನಲ್ಲನ್ನೂ ಎತ್ತುತ್ತದೆ. ಎಷ್ಟು ಕೆಳಗಿನವರೆಗೆ ಎಂಬುದು ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್) ಎಂಬ ಸೆಟ್ಟಿಂಗ್ ಮೇಲೆ ಹೋಗುತ್ತದೆ. ಅದು ಹೆಚ್ಚಿದಷ್ಟೂ ಕಳಿಸುವುದು ನಿಧಾನ. ನಾನು ಇಟ್ಟಿದ್ದು 7. ಎಸ್‌ಎಫ್7ರಲ್ಲಿ 7.5 ಡಿಬಿ ಕೆಳಗಿನವರೆಗೆ, ಎಸ್‌ಎಫ್9ರಲ್ಲಿ 12.5, ಎಸ್‌ಎಫ್12ರಲ್ಲಿ 20. ಹಾಗಾಗಿ ಎಸ್‌ಎಫ್7ರ ತಳ ಸುಮಾರು ಮೈನಸ್ 124. ನನ್ನ ಅಂದಾಜು ಮೈನಸ್ 73. ನಡುವೆ 51 ಡಿಬಿ ಉಳಿತಾಯ. ಮರಗಿಡ ಎಷ್ಟು ತಿಂದರೂ ಸಾಕು ಎಂದುಕೊಂಡು ಬೆಟ್ಟ ಹತ್ತಿದೆ.

ಬಂದದ್ದು

ಟ್ಯಾಂಕಿಯ ಪಕ್ಕದಲ್ಲಿ ಡಬ್ಬಿ ಕಟ್ಟಿ, ಕೆಳಗಿಳಿದು ಬಂದು ನೋಡಿದೆ. ಹತ್ತರಲ್ಲಿ ನಾಲ್ಕು ಪ್ಯಾಕೆಟ್ (ಒಂದು ಸಲ ಕಳಿಸುವ ಸಂದೇಶ) ಬರುತ್ತಿರಲಿಲ್ಲ. ಬಂದವುಗಳ ಆರ್‌ಎಸ್‌ಎಸ್‌ಐ, ಅಂದರೆ ಬಂದ ಸಿಗ್ನಲ್ ಎಷ್ಟು ಜೋರು ಎಂದು ಚಿಪ್ ಹೇಳುವ ಅಂಕಿ, ಮೈನಸ್ 113.

ಇಲ್ಲಿ ಎರಡು ದಿನ ತಲೆ ಕೆಡಿಸಿಕೊಂಡೆ. ತಳ ಮೈನಸ್ 124 ಆದರೆ ಮೈನಸ್ 113ಕ್ಕೆ ಪ್ಯಾಕೆಟ್ ಯಾಕೆ ಬೀಳಬೇಕು? 11 ಡಿಬಿ ಇನ್ನೂ ಇದೆಯಲ್ಲ? ಉತ್ತರ ಚಿಪ್‌ನ ಡೇಟಾಶೀಟಿನಲ್ಲೇ ಇತ್ತು. ಸಿಗ್ನಲ್ ಗದ್ದಲಕ್ಕಿಂತ ಕೆಳಗೆ ಹೋದಾಗ ರಿಜಿಸ್ಟರ್ (ಚಿಪ್ ಒಳಗೆ ಅಂಕಿ ಇಡುವ ಜಾಗ) ತೋರಿಸುವುದು ಸಿಗ್ನಲ್ ಒಂದನ್ನೇ ಅಲ್ಲ, ಗದ್ದಲವೂ ಸೇರಿದ ಒಟ್ಟನ್ನು. ಗದ್ದಲಕ್ಕಿಂತ ಸಿಗ್ನಲ್ ಎಷ್ಟು ಮೇಲಿದೆ ಎಂದು ಹೇಳುವ ಅಂಕಿಗೆ ಎಸ್‌ಎನ್‌ಆರ್ ಎನ್ನುತ್ತಾರೆ. ಅದು ಸೊನ್ನೆಗಿಂತ ಕೆಳಗಿದ್ದರೆ ಅದನ್ನು ಆರ್‌ಎಸ್‌ಎಸ್‌ಐಗೆ ಕೂಡಿಸಬೇಕು. ನಾನು ಬಳಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಆ ಕೂಡಿಕೆ ಮಾಡುವುದಿಲ್ಲ, ರಿಜಿಸ್ಟರಿನ ಅಂಕಿಯನ್ನಷ್ಟೇ ಕೊಡುತ್ತದೆ. ನನ್ನ ಎಸ್‌ಎನ್‌ಆರ್ ಮೈನಸ್ 6 ಇತ್ತು. ಅಂದರೆ ನಿಜವಾದ ಸಿಗ್ನಲ್ ಮೈನಸ್ 119. ಆರ್‌ಎಸ್‌ಎಸ್‌ಐ ಒಂದನ್ನೇ ನೋಡುವವರಿಗೆ ಇದು ದೊಡ್ಡ ಹೊಂಡ. ಸಿಗ್ನಲ್ ಎಷ್ಟೇ ಕೆಳಗೆ ಹೋದರೂ ಅಂಕಿ ಒಂದು ಕಡೆ ಬಂದು ನಿಂತುಬಿಡುತ್ತದೆ. ಎರಡನ್ನೂ ಒಟ್ಟಿಗೆ ಬರೆದಿಟ್ಟುಕೊಳ್ಳಿ.

ಇನ್ನೊಂದು ವಿಷಯವೂ ಅದೇ ಅಂಕಿಗಳಲ್ಲಿ ಕಂಡಿತು. ಸಿಗ್ನಲ್ ಮೈನಸ್ 119, ಅದು ಗದ್ದಲಕ್ಕಿಂತ 6 ಕೆಳಗೆ. ಹಾಗಾದರೆ ಗದ್ದಲ ಮೈನಸ್ 113. ಲೆಕ್ಕದ ಪ್ರಕಾರ ಮೈನಸ್ 117 ಇರಬೇಕಿತ್ತು. 4 ಡಿಬಿ ಹೆಚ್ಚು ಗದ್ದಲ ಎಲ್ಲಿಂದ? ವೋಲ್ಟೇಜ್ ಇಳಿಸುವ ಪುಟ್ಟ ಬಕ್ ಕನ್ವರ್ಟರ್ ಬೋರ್ಡನ್ನು ರೇಡಿಯೋ ಮಾಡ್ಯೂಲಿನ ಕೆಳಗೇ ಅಂಟಿಸಿದ್ದೆ. ಅದನ್ನು ತೆಗೆದು ಬ್ಯಾಟರಿಯಲ್ಲಿ ನಡೆಸಿದೆ. ಗದ್ದಲ ಮೈನಸ್ 117ಕ್ಕೆ ಇಳಿಯಿತು. ಈಗ ಕನ್ವರ್ಟರ್ ಬೇರೆ ಡಬ್ಬಿಯಲ್ಲಿದೆ.

ಆದರೂ ಮೈನಸ್ 73 ಬರಬೇಕಾದಲ್ಲಿ ಮೈನಸ್ 119. 46 ಡೆಸಿಬೆಲ್ ಕಾಣೆ. ಅಂದರೆ ಸುಮಾರು ನಲವತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಮನೆ ಮುಟ್ಟುತ್ತಿತ್ತು. ನೋಡಿದವರೆಲ್ಲ "ಮರ ಅಡ್ಡ ಇದೆಯಲ್ಲ" ಅಂದರು. ಇರಬಹುದು. ಆದರೆ ಎಲ್ಲವೂ ಮರದ್ದೇ ಎಂದು ಒಪ್ಪಿಕೊಳ್ಳಲು ಮನಸ್ಸಾಗಲಿಲ್ಲ.

ಗದ್ದೆಯಲ್ಲಿ ನೂರು ಮೀಟರ್

ಮರವನ್ನು ಲೆಕ್ಕದಿಂದ ತೆಗೆಯುವುದು ಹೇಗೆ? ಮರ ಇಲ್ಲದ ಕಡೆ ಹೋಗಬೇಕು. ಕೊಯ್ಲು ಮುಗಿದ ಗದ್ದೆ ಖಾಲಿ ಇತ್ತು. ಎರಡು ಗೂಟ ನೆಟ್ಟು, ಟೇಪು ಹಿಡಿದು 100 ಮೀಟರ್ ಅಳೆದು, ಎರಡೂ ಬೋರ್ಡುಗಳನ್ನು ಒಂದೂವರೆ ಮೀಟರ್ ಎತ್ತರದಲ್ಲಿ ಕಟ್ಟಿದೆ. ಮನೆಯ ಕಡೆಯ ಆಂಟೆನಾಕ್ಕಿದ್ದ ಉದ್ದ ಕೇಬಲ್ ಬಿಚ್ಚಿ, ಆಂಟೆನಾ ನೇರ ಬೋರ್ಡಿಗೇ ಹಾಕಿದೆ.

100 ಮೀಟರಿಗೆ ಬಯಲಿನ ನಷ್ಟ 71.2 ಡಿಬಿ. ಹಾಗಾಗಿ ಮೈನಸ್ 51 ಬರಬೇಕು. ನೆಲಕ್ಕೆ ತಾಗಿ ಪುಟಿದು ಬರುವ ಅಲೆ ನೇರ ಬಂದದ್ದರ ಜೊತೆ ಸೇರಿ, ಈ ಎತ್ತರದಲ್ಲಿ ಸುಮಾರು 2 ಡಿಬಿ ಕಳೆಯುತ್ತದೆ. ಮೈನಸ್ 53 ಎಂದು ಇಟ್ಟುಕೊಂಡೆ. ಬಂದದ್ದು ಮೈನಸ್ 66.

13 ಡಿಬಿ ಇಲ್ಲೇ ಸಿಕ್ಕಿತು! ಒಂದು ಮರವೂ ಇಲ್ಲದ ಗದ್ದೆಯಲ್ಲಿ.

ಉಳಿದದ್ದು ಆಂಟೆನಾ ಮಾತ್ರ. ಗೆಳೆಯನ ಹತ್ತಿರ ನ್ಯಾನೋವಿಎನ್‌ಎ ಇತ್ತು, ತಂದು ಜೋಡಿಸಿದೆ. ಆಂಟೆನಾ ಯಾವ ಫ್ರೀಕ್ವೆನ್ಸಿಗೆ ಹೊಂದುತ್ತದೆ ಎಂದು ತೋರಿಸುವ ಪುಟ್ಟ ಉಪಕರಣ ಅದು, ಹೊಂದುವಲ್ಲಿ ಪರದೆಯ ಗೆರೆ ತಗ್ಗುತ್ತದೆ. ಆಂಟೆನಾದ ಮೇಲೆ 868 ಎಂದು ಅಚ್ಚಾಗಿತ್ತು. ಪರದೆಯ ಮೇಲಿನ ಗೆರೆ ತಗ್ಗಿದ್ದು 440 ಮೆಗಾಹರ್ಟ್ಸ್ ಹತ್ತಿರ. 866ರಲ್ಲಿ ಎಸ್‌ಡಬ್ಲ್ಯುಆರ್ (ಹೊಂದಾಣಿಕೆಯ ಅಳತೆ, 1 ಇದ್ದರೆ ಪೂರ್ತಿ ಹೊಂದಿಕೆ) 14. ಇದು 433ರ ಆಂಟೆನಾ, ಚೀಟಿ ಮಾತ್ರ ಬೇರೆ. ಎರಡೂ ಹಾಗೆಯೇ. 433ರಲ್ಲಿ ಕಾಲು ಅಲೆಯಂತೆ (ಅಲೆಯ ಉದ್ದದ ಕಾಲು ಭಾಗ) ನಡೆಯುವ ಆಂಟೆನಾ 866ರಲ್ಲಿ ಅರ್ಧ ಅಲೆಯಾಗುತ್ತದೆ. ಬುಡದಲ್ಲಿ ಅದರ ತಡೆ ತೀರಾ ಹೆಚ್ಚು. 50 ಓಮ್‌ನ ರೇಡಿಯೋ ಕಳಿಸಿದ್ದರಲ್ಲಿ ಮುಕ್ಕಾಲು ಭಾಗ ವಾಪಸ್ ಬರುತ್ತದೆ. ಉಳಿದ ಕಾಲು ಭಾಗ ಅಂದರೆ 6 ಡಿಬಿ ನಷ್ಟ. ಎರಡು ಆಂಟೆನಾಗೆ 12. ಕಾಣೆಯಾದ 13ಕ್ಕೆ ಹೊಂದುತ್ತದೆ.

ಹೊಸದನ್ನು ಕೊಳ್ಳಲಿಲ್ಲ, ಮನೆಯಲ್ಲೇ ಮಾಡಿದೆ. ವೈರಿಂಗ್‌ಗೆ ತಂದಿದ್ದ ತಾಮ್ರದ ಗಟ್ಟಿ ತಂತಿ, ನಾಲ್ಕು ತೂತಿನ ಎಸ್‌ಎಂಎ ಕನೆಕ್ಟರ್. ಕಾಲು ಅಲೆ ಲೆಕ್ಕಕ್ಕೆ 8.66 ಸೆಂಟಿಮೀಟರ್. ನಡುವಿನ ಕಡ್ಡಿ 9 ಸೆಂಟಿಮೀಟರ್ ಇಟ್ಟು, ನಾಲ್ಕು ಮೂಲೆಗೆ ನಾಲ್ಕು ಕಾಲು ಬೆಸೆದೆ. ಕಾಲುಗಳನ್ನು ಅಡ್ಡ ಚಾಚಿದರೆ ತಡೆ 37 ಓಮ್ ಹತ್ತಿರ ಇರುತ್ತದೆ. ಕೆಳಗೆ 45 ಡಿಗ್ರಿ ಬಗ್ಗಿಸಿದರೆ 50 ಹತ್ತಿರ ಬರುತ್ತದೆ. ಬಗ್ಗಿಸುತ್ತಾ ಪರದೆ ನೋಡುತ್ತಿದ್ದರೆ ಆ ಗೆರೆಯ ತಗ್ಗು ಆಳವಾಗುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಆಮೇಲೆ ಕಡ್ಡಿಯ ತುದಿಯನ್ನು ಒಂದೊಂದು ಮಿಲಿಮೀಟರ್ ಕತ್ತರಿಸಿದೆ. 8.2ಕ್ಕೆ ಬಂದಾಗ ತಗ್ಗು 866ರ ಮೇಲೆ ಕೂತಿತು. ಎಸ್‌ಡಬ್ಲ್ಯುಆರ್ 1.3.

ಮಳೆಗೆಂದು ಮೇಲೆ ಪಿವಿಸಿ ಪೈಪಿನ ಟೋಪಿ ಹಾಕಿದೆ. ತಗ್ಗು 15 ಮೆಗಾಹರ್ಟ್ಸ್ ಕೆಳಗೆ ಸರಿಯಿತು. ಪ್ಲಾಸ್ಟಿಕ್ ಅಷ್ಟು ಹತ್ತಿರವಿದ್ದರೆ ತಂತಿ ಉದ್ದವಾದಂತೆ ನಡೆದುಕೊಳ್ಳುತ್ತದೆ. ಟೋಪಿ ಹಾಕಿಕೊಂಡೇ ಅಳೆದು, ತೆಗೆದು, ಮತ್ತೆ ಒಂದು ಚೂರು ಕತ್ತರಿಸಿದೆ. ಎರಡನೆಯದನ್ನು ಮಾಡುವಾಗ ಈ ಕ್ರಮ ಮೊದಲೇ ಗೊತ್ತಿತ್ತು, ಅರ್ಧ ಗಂಟೆಯಲ್ಲಿ ಮುಗಿಯಿತು.

ಮತ್ತೆ ಗದ್ದೆಗೆ. ಮೈನಸ್ 55. ಅಂದಾಜು ಮೈನಸ್ 53. ನನಗೆ ಅಷ್ಟು ಸಾಕು.

ಕೇಬಲ್

ಇನ್ನೊಂದು ತಪ್ಪು ನನ್ನ ಕಾಗದದಲ್ಲೇ ಇತ್ತು. ಮನೆಯ ಕಡೆ ಆಂಟೆನಾದಿಂದ ಜಗುಲಿಯ ಬೋರ್ಡಿನವರೆಗೆ 8 ಮೀಟರ್ ತೆಳು ಕೇಬಲ್ ಎಳೆದಿದ್ದೆ, ಆರ್‌ಜಿ174. ಅದನ್ನು ಲೆಕ್ಕಕ್ಕೆ ಸೇರಿಸಿರಲಿಲ್ಲ. ಈ ಫ್ರೀಕ್ವೆನ್ಸಿಯಲ್ಲಿ ಆ ಕೇಬಲ್ ಪ್ರತಿ ಮೀಟರಿಗೆ ಹತ್ತಿರ ಹತ್ತಿರ 1 ಡಿಬಿ ತಿನ್ನುತ್ತದೆ. 8 ಡಿಬಿ, ಅಂದರೆ ಬಂದ ಸಿಗ್ನಲ್ಲಿನ ಆರರಲ್ಲಿ ಐದು ಪಾಲು ವೈರಿನಲ್ಲೇ ಬಿಸಿಯಾಗಿ ಹೋಯಿತು. ಆರ್‌ಜಿ58 ಆದರೆ ಅದರ ಅರ್ಧ. ಎಲ್‌ಎಂಆರ್400 ಆದರೆ ಮೀಟರಿಗೆ 0.13, ಆದರೆ ದಪ್ಪ ಮತ್ತು ದುಬಾರಿ.

ನಾನು ಮಾಡಿದ್ದು ಬೇರೆ. ರೇಡಿಯೋ ಬೋರ್ಡನ್ನೇ ಕಂಬದ ತುದಿಗೆ, ಆಂಟೆನಾದ ಬುಡಕ್ಕೆ ಏರಿಸಿದೆ. ಕೆಳಗಿನಿಂದ 5 ವೋಲ್ಟ್ ಹೋಗುತ್ತದೆ, ಮೇಲಿನಿಂದ ಡೇಟಾ ವೈಫೈನಲ್ಲಿ ಬರುತ್ತದೆ. ಕರೆಂಟನ್ನು ಹತ್ತು ಮೀಟರ್ ಒಯ್ಯುವುದು ಸುಲಭ. ಫೆಮ್ಟೋವ್ಯಾಟ್ ಲೆಕ್ಕದ ಸಿಗ್ನಲ್ಲನ್ನು ಒಯ್ಯುವುದು ಕಷ್ಟ.

ಈಗ ಮರ

12 ಮತ್ತು 8, ಒಟ್ಟು 20 ಡಿಬಿ ಮರದ್ದಲ್ಲ ಎಂದಾಯಿತು. ಉಳಿದದ್ದು 26. ಅದರಲ್ಲಿ ಮರದ ಪಾಲು ಎಷ್ಟು?

ನಮ್ಮ ಮನೆ ತೋಟದ ಅಂಚಿನಲ್ಲಿ, ಸ್ವಲ್ಪ ಎತ್ತರದಲ್ಲಿದೆ. ತೋಟ ಎಂಟು ಮೀಟರ್ ಕೆಳಗೆ, ಕಣಿವೆಯಲ್ಲಿ. ಅಡಿಕೆ ಮರ ಸುಮಾರು 14 ಮೀಟರ್. ಹಾಗಾಗಿ ಅಂಗಳದಲ್ಲಿ ನಿಂತರೆ ಅಡಿಕೆಯ ಬುಡ ಕಾಣುವುದಿಲ್ಲ, ಹೆಡೆ ಕಣ್ಣೆದುರಿಗೇ ಇರುತ್ತದೆ. ಟ್ಯಾಂಕಿ ಮನೆಗಿಂತ 70 ಮೀಟರ್ ಮೇಲೆ. 3 ಮೀಟರ್ ಎತ್ತರದಲ್ಲಿ ಆಂಟೆನಾ ಇಟ್ಟಾಗ, ಟ್ಯಾಂಕಿಗೆ ಹೋಗುವ ಗೆರೆ ಮೊದಲ 50 ಮೀಟರ್ ಪೂರ್ತಿ ಅಡಿಕೆ ಹೆಡೆಗಳ ಒಳಗೇ ಸಾಗುತ್ತಿತ್ತು. ಆ ಕಡೆ ಟ್ಯಾಂಕಿಯ ಮುಂದೆ ಸೊಪ್ಪಿನ ಬೆಟ್ಟದ ಮರಗಳು, ಅದೂ 50 ಮೀಟರ್.

ಎಲೆಗಳ ನಷ್ಟಕ್ಕೆ ವೈಸ್‌ಬರ್ಗರ್ ಎಂಬವರ 1982ರ ಸೂತ್ರವಿದೆ. 14ರಿಂದ 400 ಮೀಟರ್ ದಟ್ಟ ಎಲೆಗೆ, 1.33 ಗುಣಿಸು ಗಿಗಾಹರ್ಟ್ಸ್‌ನ 0.284 ಘಾತ, ಗುಣಿಸು ಮೀಟರಿನ 0.588 ಘಾತ. 100 ಮೀಟರಿಗೆ 19 ಡಿಬಿ ಬರುತ್ತದೆ. 50 ಮೀಟರಿಗೆ 12.7. ದೂರ ಅರ್ಧವಾದರೂ ನಷ್ಟ ಅರ್ಧವಾಗುವುದಿಲ್ಲ, ಗಮನಿಸಿ. ಮೊದಲ ಕೆಲವು ಮರಗಳೇ ಹೆಚ್ಚು ತಿನ್ನುತ್ತವೆ.

ಬೆಟ್ಟದ ಮರ ಕಡಿಯುವ ಪ್ರಶ್ನೆಯೇ ಇಲ್ಲ. ತೋಟಕ್ಕೆ ಸೊಪ್ಪು ಬರುವುದೇ ಅಲ್ಲಿಂದ. ಮನೆಯ ಕಡೆ ಮಾತ್ರ ಏನಾದರೂ ಮಾಡಬಹುದಿತ್ತು. ಎಷ್ಟು ಎತ್ತರಿಸಬೇಕು?

ಕಣ್ಣಿಗೆ ಕಂಡರೆ ಸಾಕು ಎನ್ನುವಂತಿಲ್ಲ. ರೇಡಿಯೋ ದಾರಿ ದಾರದಂತೆ ತೆಳ್ಳಗಿಲ್ಲ. ಎರಡು ತುದಿಯಲ್ಲಿ ಸಣ್ಣ, ನಡುವೆ ಉಬ್ಬು, ಮದ್ದಳೆಯನ್ನು ಉದ್ದಕ್ಕೆ ಎಳೆದ ಹಾಗೆ. ಇದಕ್ಕೆ ಫ್ರೆನೆಲ್ ವಲಯ ಎನ್ನುತ್ತಾರೆ. ನನ್ನ ಲಿಂಕಿನ ನಟ್ಟನಡುವೆ ಅದರ ತ್ರಿಜ್ಯ 10 ಮೀಟರ್. ಅಲ್ಲಿ ಕಣಿವೆ, ಏನೂ ಅಡ್ಡ ಇಲ್ಲ. ಮನೆಯಿಂದ 50 ಮೀಟರಿನಲ್ಲಿ ತ್ರಿಜ್ಯ 4 ಮೀಟರ್. ಅದರ ಶೇಕಡಾ 60 ಖಾಲಿ ಇದ್ದರೆ ಸಾಕು, ಅಂದರೆ ಸುಮಾರು ಎರಡೂವರೆ ಮೀಟರ್. ಅಡಿಕೆ ಹೆಡೆಯ ತುದಿ ಅಂಗಳದ ಮಟ್ಟದಿಂದ 6 ಮೀಟರ್. ಕಂಬ 9 ಮೀಟರ್ ಮಾಡಿದರೆ ಆ ಜಾಗದಲ್ಲಿ ಗೆರೆ 12 ಮೀಟರಿನ ಹತ್ತಿರ ಹೋಗುತ್ತದೆ. ಬೇಕಾದ್ದಕ್ಕಿಂತ ಜಾಸ್ತಿಯೇ ಖಾಲಿ.

ಒಂದೂವರೆ ಇಂಚಿನ ಜಿಐ ಪೈಪು, ಮೇಲೆ ಬಿದಿರು ಗಳ, ಮೂರು ಕಡೆ ತಂತಿ ಕಟ್ಟಿ ನಿಲ್ಲಿಸಿದೆವು. ಕೊನೆ ಕೊಯ್ಯುವವರು ದೋಟಿ ಎತ್ತುವ ಹಾಗೆ ಬುಡ ಒತ್ತಿ ಹಿಡಿದು ನಿಧಾನವಾಗಿ ಎತ್ತಿದ್ದು ಅಪ್ಪನೇ. ಅಂದಾಜು: ಮೈನಸ್ 73ರಲ್ಲಿ ಬೆಟ್ಟದ ಎಲೆ 12.7 ಕಳೆದು ಮೈನಸ್ 86. ಬಂದದ್ದು ಮೈನಸ್ 90. ಒಂದು ಪ್ಯಾಕೆಟ್ಟೂ ಬೀಳಲಿಲ್ಲ.

ಈ 4 ಡಿಬಿಯನ್ನು ಹುಡುಕಲು ಹೋಗಲಿಲ್ಲ. ವೈಸ್‌ಬರ್ಗರ್ ಸೂತ್ರಕ್ಕೆ ನಮ್ಮ ಬೆಟ್ಟದ ನಂದಿ, ಹೊನ್ನೆ, ಮತ್ತಿ ಮರಗಳ ಎಲೆ ಗೊತ್ತಿಲ್ಲವಲ್ಲ. ಎಲೆಯ ನಷ್ಟದಲ್ಲಿ ಅಷ್ಟು ಅತ್ತಿತ್ತ ಸಹಜ. 46 ಕಾಣೆಯಾದಾಗ ಬಿಡಬಾರದು, 4ಕ್ಕೆ ಹಟ ಹಿಡಿಯಬೇಕಾಗಿಲ್ಲ.

ಒಂದು ಮಾತು ಹೇಳಬೇಕು. ನಾನಿಲ್ಲಿ ಬರೆದ ಯಾವ ಅಂಕಿಯೂ ಒಂದೇ ಪ್ಯಾಕೆಟ್ಟಿನದ್ದಲ್ಲ. ಗಾಳಿಗೆ ಎಲೆ ಅಲ್ಲಾಡಿದರೆ 4-5 ಡಿಬಿ ಮೇಲೆ ಕೆಳಗೆ ಆಗುತ್ತದೆ. 30 ಪ್ಯಾಕೆಟ್ ತೆಗೆದುಕೊಂಡು, ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ, ನಡುವಿನದನ್ನು ಬರೆದಿದ್ದೇನೆ. ಪ್ರತಿ ಪ್ಯಾಕೆಟ್ಟಿಗೂ ಕ್ರಮಸಂಖ್ಯೆ ಹಾಕಿದ್ದರಿಂದ ಬೀಳುವುದೂ ಗೊತ್ತಾಗುತ್ತದೆ. ಬಂದದ್ದನ್ನು ಮಾತ್ರ ಎಣಿಸಿದರೆ ಸರಾಸರಿ ಯಾವಾಗಲೂ ಚಂದವೇ ಕಾಣುತ್ತದೆ.

ಮಳೆಗಾಲ

ಜೂನ್‌ನಲ್ಲಿ ಮಳೆ ಹಿಡಿಯಿತು. ಮೈನಸ್ 90 ಇದ್ದದ್ದು ಮೈನಸ್ 97ಕ್ಕೆ ಬಂತು. ಮಳೆ ಹನಿಯೇ ಸಿಗ್ನಲ್ ತಡೆಯುತ್ತದೆ ಎಂದು ತುಂಬಾ ಜನ ಅಂದುಕೊಂಡಿದ್ದಾರೆ. 866 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 35 ಸೆಂಟಿಮೀಟರ್. ಅದರ ಮುಂದೆ ಹನಿ ತೀರಾ ಸಣ್ಣದು, ಲೆಕ್ಕಕ್ಕೇ ಬರುವುದಿಲ್ಲ. ತಿನ್ನುವುದು ಒದ್ದೆ ಎಲೆ. ಅದಕ್ಕೇ ಮಳೆ ನಿಂತ ತಕ್ಷಣ ಅಂಕಿ ಮೇಲೇರುವುದಿಲ್ಲ. ಬಿಸಿಲು ಬಿದ್ದು, ಎಲೆ ಒಣಗಿ, ಎರಡು ಮೂರು ಗಂಟೆ ಕಳೆದ ಮೇಲೆ ಮೆಲ್ಲಗೆ ಏರುತ್ತದೆ.

ಈ ಗುಣ ತಿಳಿದಿದ್ದರಿಂದಲೇ ಜೂನ್ ಕೊನೆಯ ವಾರದ ತೊಂದರೆ ಸಿಕ್ಕಿತು. ಒಂದು ಸಂಜೆ ಅಂಕಿ ಮೈನಸ್ 97ರಿಂದ ಮೈನಸ್ 111ಕ್ಕೆ ಜಿಗಿಯಿತು. ಮಾರನೇ ದಿನ ಅಪರೂಪಕ್ಕೆ ಒಳ್ಳೆಯ ಬಿಸಿಲು. ಮಧ್ಯಾಹ್ನದವರೆಗೆ ಕಾದೆ. ಮೈನಸ್ 110. ಎಲೆ ಆಗಿದ್ದರೆ ಇಷ್ಟು ಹೊತ್ತಿಗೆ ಏರಬೇಕಿತ್ತು, ಅಲ್ವಾ? ಕಂಬ ಇಳಿಸಿ ನೋಡಿದೆ. ಪಿವಿಸಿ ಟೋಪಿಯ ಕೆಳಗೆ ಕನೆಕ್ಟರ್ ಬಿಚ್ಚಿದಾಗ ಒಂದು ಹನಿ ನೀರು ಬೆರಳ ಮೇಲೆ ಬಿತ್ತು. ಒಳಗಿನ ಪಿನ್ನಿನ ಸುತ್ತ ಆಗಲೇ ಹಸಿರು ಕಿಲುಬು. 14 ಡಿಬಿ ನುಂಗಿದ್ದು ಆ ಒಂದು ಹನಿ. ಹೊಸ ಕನೆಕ್ಟರ್ ಬೆಸೆದು, ಎಳೆದರೆ ತನಗೆ ತಾನೇ ಅಂಟುವ ರಬ್ಬರ್ ಟೇಪು ಸುತ್ತಿದೆ. ವೈರನ್ನು ಡಬ್ಬಿಗೆ ಹೋಗುವ ಮೊದಲು ಕೆಳಗೆ ಜೋಲಿಸಿ ಮೇಲೆ ತಂದೆ. ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕುತ್ತದೆ, ಒಳಗೆ ಹರಿಯುವುದಿಲ್ಲ. ಬೆಟ್ಟದ ಕಡೆಗೂ ಹೋಗಿ ಹಾಗೆಯೇ ಮಾಡಿ ಬಂದೆ.

ಅದೇ ಹೊತ್ತಿಗೆ ಎಸ್‌ಎಫ್7ರಿಂದ 9ಕ್ಕೆ ಬದಲಿಸಿದೆ. ನನ್ನ 20 ಬೈಟ್ ಪ್ಯಾಕೆಟ್ಟಿಗೆ ಎಸ್‌ಎಫ್7ರಲ್ಲಿ 57 ಮಿಲಿಸೆಕೆಂಡ್ ಬೇಕು, ಎಸ್‌ಎಫ್9ರಲ್ಲಿ 185. ಹತ್ತು ನಿಮಿಷಕ್ಕೆ ಒಂದು ಸಲ ಕಳಿಸುವುದರಿಂದ ಬ್ಯಾಟರಿಗೆ ಅದು ಹೊರೆಯಲ್ಲ. ತಳ ಮೈನಸ್ 129ರವರೆಗೆ ಇಳಿಯಿತು. ಮೈನಸ್ 97 ಬಂದರೂ ಕೆಳಗೆ 32 ಡಿಬಿ ಇದೆ. ಎಸ್‌ಎಫ್12ಕ್ಕೆ ಹೋಗಬಹುದಿತ್ತು, ಆದರೆ ಒಂದು ಪ್ಯಾಕೆಟ್ಟಿಗೆ 1.3 ಸೆಕೆಂಡ್. ಬೆಟ್ಟದ ನೆರಳಲ್ಲಿ ಸೋಲಾರ್ ಅಷ್ಟು ಕೊಡುವುದಿಲ್ಲ.

ಜಗುಲಿಯ ಗೋಡೆಯ ಮೇಲೆ ಈಗ ಪುಟ್ಟ ಪರದೆ ಇದೆ. ಮೇಲಿನ ಸಾಲಿನಲ್ಲಿ ನೀರಿನ ಮಟ್ಟ, ಕೆಳಗೆ ಸಣ್ಣದಾಗಿ ಆರ್‌ಎಸ್‌ಎಸ್‌ಐ, ಎಸ್‌ಎನ್‌ಆರ್. ಜುಲೈನ ಒಂದು ಬೆಳಿಗ್ಗೆ ಅಪ್ಪ ಕಾಫಿ ಲೋಟ ಹಿಡಿದು ಅದರ ಮುಂದೆ ನಿಂತಿದ್ದರು. ಮಟ್ಟ 140 ಸೆಂಟಿಮೀಟರಿನಿಂದ 60ಕ್ಕೆ ಇಳಿದಿತ್ತು. ಸಿಗ್ನಲ್ ಮೈನಸ್ 96, ಎಂದಿನಂತೆ. "ಮಿಷಿನ್ ಸರಿ ಇದ್ದು, ಬಾಯಿಗೆ ಎಲೆ ಕಟ್ಟಿದ್ದು" ಅಂದರು. ಕೊಡೆ ತೆಗೆದುಕೊಂಡು ನಾನು ಹೊರಟೆ.